ಜರ್ಮನಿಯ ಮನೆಯಡಿಯಲ್ಲೊಂದು ಹಗೇವು

ಜರ್ಮನಿಯಲ್ಲಿ ಮನೆ ಹುಡುಕುವವರು ಮೊದಲ ವಾರದಲ್ಲಿಯೇ ಕಲಿತುಕೊಳ್ಳುವ ಪದಗಳಲ್ಲಿ ‘ಕೆಲ್ಲರ್’ ಎಂಬುದೂ ಒಂದು. ನೆಲಮಾಳಿಗೆ ಎಂದು ಅದರ ಅರ್ಥ. ಎರಡೇ ಕೋಣೆಗಳ ಬಾಡಿಗೆ ಮನೆಗೂ ಕಟ್ಟಡದ ಬುಡದಲ್ಲಿ, ಮರದ ಪಟ್ಟಿಗಳನ್ನು ಹೊಡೆದು ಬೇರ್ಪಡಿಸಿದ, ಬೀಗ ಹಾಕಬಹುದಾದ ಒಂದು ಗೂಡು ಸಾಮಾನ್ಯವಾಗಿ ಸಿಗುತ್ತದೆ. ಜರ್ಮನರು ಅಲ್ಲಿ ಸೈಕಲ್ಲು, ಚಳಿಗಾಲದ ಟೈರುಗಳು, ಸೇಬಿನ ಪೆಟ್ಟಿಗೆ, ಜ್ಯಾಮಿನ ಶೀಶೆಗಳನ್ನು ಇಡುತ್ತಾರೆ. ನಮ್ಮವರ ಕೆಲ್ಲರಿನ ಬಾಗಿಲು ತೆರೆದರೆ ಮೊದಲು ಕಾಣುವುದು ಸೂಟ್‌ಕೇಸುಗಳು. ಒಂದರೊಳಗೊಂದು ಸೇರಿಸಿಟ್ಟ, ಹಿಡಿಕೆಗೆ ಇನ್ನೂ ವಿಮಾನದ ಚೀಟಿ ಅಂಟಿಕೊಂಡಿರುವ ಸೂಟ್‌ಕೇಸುಗಳು. ಬಂದು ಎಷ್ಟು ವರ್ಷವಾಯಿತೆಂದು ಕೇಳಬೇಕಾಗಿಲ್ಲ, ಚೀಟಿಗಳನ್ನು ಎಣಿಸಿದರೆ ಸಾಕು.

ಒಂಬತ್ತು ವರ್ಷಗಳ ಕಾಲ ನಮ್ಮದೂ ಹಾಗೆಯೇ ಇತ್ತು. 2010ರಲ್ಲಿ ಮೈಂಟ್ಸ್ ನಗರಕ್ಕೆ ಕೆಲಸಕ್ಕೆಂದು ಬಂದ ನಾನು 2019ರವರೆಗೆ ಬಾಡಿಗೆ ಮನೆಯಲ್ಲಿದ್ದೆ. ಆ ವರ್ಷ ನಾನೂ ಪತ್ನಿಯೂ ನಗರದ ದಕ್ಷಿಣಕ್ಕೆ, ರೈನ್ ನದಿಯ ಎಡದಂಡೆಯ ಹಳ್ಳಿಯೊಂದರಲ್ಲಿ 1930ರ ದಶಕದ ಮನೆಯೊಂದನ್ನು ಕೊಂಡೆವು. ಇಲ್ಲಿ ಮನೆ ಕೊಳ್ಳುವ ಆಲೋಚನೆಯುಳ್ಳವರಿಗೆ ನಡುವೆ ಒಂದು ಮಾತು: ಹೇಳಿದ ಬೆಲೆಯ ಮೇಲೆ ನಮ್ಮ ರಾಜ್ಯವಾದ ರೈನ್‌ಲಾಂಡ್-ಫಾಲ್ಟ್ಸ್‌ನಲ್ಲಿ ಶೇಕಡಾ 5ರಷ್ಟು ವರ್ಗಾವಣೆ ತೆರಿಗೆ ಬೀಳುತ್ತದೆ, ನೋಟರಿ ಮತ್ತು ಭೂದಾಖಲೆಯ ವೆಚ್ಚ ಸುಮಾರು ಶೇಕಡಾ 2, ದಲ್ಲಾಳಿಯಿದ್ದರೆ ಅವರ ಪಾಲು ಬೇರೆ. ಈ ಹಣವನ್ನು ಸಾಮಾನ್ಯವಾಗಿ ಕೈಯಿಂದಲೇ ಹೊಂದಿಸಿಕೊಳ್ಳಬೇಕಾಗುತ್ತದೆ.

ನಮ್ಮ ಹಳ್ಳಿಯಿರುವ ಸೀಮೆಗೆ ರೈನ್‌ಹೆಸ್ಸೆನ್ ಎಂದು ಹೆಸರು. ಜರ್ಮನಿಯ 13 ಅಧಿಕೃತ ವೈನ್ ಪ್ರದೇಶಗಳಲ್ಲಿ ಇದೇ ದೊಡ್ಡದು. ದ್ರಾಕ್ಷಿ ತೋಟಗಳ ವಿಸ್ತಾರವೇ ಸುಮಾರು 27 ಸಾವಿರ ಹೆಕ್ಟೇರು. ಹತ್ತಿರದ ನೀರ್‌ಸ್ಟೈನ್ ಪಟ್ಟಣದ ಗ್ಲೋಕ್ ಎಂಬ ತೋಟದ ಉಲ್ಲೇಖ 742ರ ದಾಖಲೆಯಲ್ಲಿಯೇ ಬರುತ್ತದೆ. ಇಲ್ಲಿನವರಿಗೆ ನೆಲದ ಮೇಲಿನ ಮನೆಯಷ್ಟೇ ನೆಲದಡಿಯ ಮನೆಯೂ ಮುಖ್ಯ. ಓಪನ್‌ಹೈಮ್ ಪಟ್ಟಣದ ಕೆಳಗಂತೂ ನೆಲಮಾಳಿಗೆಗಳೂ ಸುರಂಗಗಳೂ ಒಂದಕ್ಕೊಂದು ಕೂಡಿಕೊಂಡು ಹಲವು ಅಂತಸ್ತುಗಳ ಚಕ್ರವ್ಯೂಹವೇ ಆಗಿದೆ. 1980ರ ದಶಕದಲ್ಲಿ ರಸ್ತೆ ಕುಸಿದು ಪೊಲೀಸರ ಕಾರೊಂದು ಒಳಕ್ಕಿಳಿದಾಗ ಊರಿನವರಿಗೆ ತಮ್ಮ ಕಾಲಡಿ ಏನಿದೆಯೆಂಬುದು ಮತ್ತೆ ನೆನಪಾಯಿತಂತೆ. ಈ ಸೀಮೆಯ ಹಳೆಯ ರೈತರು ದನದ ಕೊಟ್ಟಿಗೆಗೂ ಇಗರ್ಜಿಯಂತೆ ಕಲ್ಲಿನ ಕಮಾನುಗಳನ್ನು ಕಟ್ಟಿಸುತ್ತಿದ್ದರು. ಅಂಥ ಕೊಟ್ಟಿಗೆಗಳನ್ನು ‘ಹಸುಗಳ ಪ್ರಾರ್ಥನಾಮಂದಿರ’ ಎಂದು ತಮಾಷೆಯಾಗಿ ಕರೆಯುತ್ತಾರೆ. ಈಗ ಅವುಗಳಲ್ಲಿ ಕೆಲವು ಊಟದ ಮನೆಗಳಾಗಿವೆ.

ನಾವು ಕೊಂಡ ಮನೆಯ ನೆಲಮಾಳಿಗೆಯಲ್ಲಿ ಮೂರು ಕೋಣೆಗಳು. ಒಂದರಲ್ಲಿ ಮನೆಯನ್ನು ಬೆಚ್ಚಗಿಡುವ ಬಾಯ್ಲರ್, ಒಂದರಲ್ಲಿ ಬಟ್ಟೆ ಒಗೆಯುವ ಯಂತ್ರ. ಮೂರನೆಯದು ಎಲ್ಲಕ್ಕಿಂತ ತಗ್ಗಿನಲ್ಲಿ, ಏಳು ಮೆಟ್ಟಿಲು ಇಳಿದು ಹೋಗಬೇಕಾದ, ಮೂರು ಮೀಟರ್ ಉದ್ದ, ಎರಡು ಮೀಟರಿಗೆ ತುಸು ಹೆಚ್ಚು ಅಗಲದ ಕಮಾನಿನ ಕೋಣೆ. ಗೋಡೆ ಮರಳುಗಲ್ಲಿನದು. ನೆಲಕ್ಕೆ ಸಿಮೆಂಟಿಲ್ಲ, ಮರಳಿನ ಮೇಲೆ ಇಟ್ಟಿಗೆಗಳನ್ನು ಹಾಸಿದ್ದಾರೆ, ಅಷ್ಟೇ. ಮುಂಚಿನ ಮಾಲೀಕರು ಅಲ್ಲಿ ಆಲೂಗಡ್ಡೆ ಇಡುತ್ತಿದ್ದರು. ಮನೆ ತೋರಿಸಲು ಬಂದ ದಲ್ಲಾಳಿ ಈ ಕೋಣೆಯನ್ನು ಕುಂದಿನ ಪಟ್ಟಿಗೆ ಸೇರಿಸಿ, ‘ತೇವವಿದೆ, ತುಂಬಿಸಿಬಿಡಬಹುದು’ ಎಂದಿದ್ದ. ಮನೆಯ ಕಾಗದಗಳಿಗೆ ಸಹಿಯಾದ ಮರುವಾರ ಪಕ್ಕದ ಮನೆಯ ವೃದ್ಧರು ಇಳಿದು ಬಂದು ನೋಡಿದರು. ಐವತ್ತು ವರ್ಷ ದ್ರಾಕ್ಷಿ ಬೆಳೆದು, ವೈನ್ ಮಾಡಿ, ಈಗ ತೋಟವನ್ನು ಮಗಳಿಗೆ ಬಿಟ್ಟುಕೊಟ್ಟವರು ಅವರು. ಗೋಡೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತು, ಈ ಮನೆಯಲ್ಲಿ ಬೆಲೆಬಾಳುವ ಕೋಣೆ ಇದೊಂದೇ ಎಂದರು.

ಈ ಅಂಕಣವನ್ನು ಓದುವವರಲ್ಲಿ ನನ್ನ ಬಂಧುಗಳೂ ಇರುವುದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು. ನಾನು ಹುಟ್ಟಿದ್ದು ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ಒಂದು ಒಕ್ಕಲು ಮನೆಯಲ್ಲಿ. ಅಪ್ಪ ನಾಲ್ಕು ಎಕರೆಯಲ್ಲಿ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ಬೆಳೆದು, ಒಣಗಿಸಿ, ಮಣೂಕ ಮಾಡಿ ಮಾರಿದವರು. ಮನೆಯಲ್ಲಿ ಯಾರೂ ಮದ್ಯ ಮುಟ್ಟಿದವರಲ್ಲ. ದ್ರಾಕ್ಷಿ ಹುಳಿಯೊಡೆಯಿತೆಂದರೆ ನಮ್ಮಲ್ಲಿ ಅದು ನಷ್ಟದ ಲೆಕ್ಕಕ್ಕೆ ಸೇರುತ್ತಿತ್ತು. ಅದೇ ಹುಳಿಯನ್ನು ಸಾವಿರಾರು ವರ್ಷಗಳಿಂದ ಹದಗೊಳಿಸಿ, ವರ್ಷಗಟ್ಟಲೆ ಕಾದು, ಬೆಲೆ ಕಟ್ಟುವ ಜನರ ನಡುವೆ ನಾನು ಬಂದು ಬಿದ್ದೆ. ಕುತೂಹಲ ಹುಟ್ಟಿದ್ದು ಬೇಸಾಯದ ಕಡೆಯಿಂದ, ಬಟ್ಟಲಿನ ಕಡೆಯಿಂದ ಅಲ್ಲ. ನಾನೂ ಪತ್ನಿಯೂ ವಾರಾಂತ್ಯಕ್ಕೆ ಒಂದು ಬಾಟಲಿಯನ್ನು ಮುಗಿಸಿದರೆ ಹೆಚ್ಚು. ಕುಡಿಯುವುದಕ್ಕೆ ನೆಲಮಾಳಿಗೆ ಬೇಕಾಗಿಲ್ಲ; ಅದು ಬೇಕಾಗುವುದು ಕುಡಿಯದೆ ಇಡುವುದಕ್ಕೆ.

ಜಗತ್ತಿನಲ್ಲಿ ತಯಾರಾಗುವ ವೈನಿನಲ್ಲಿ ಬಹುಪಾಲು ಒಂದೆರಡು ವರ್ಷಗಳೊಳಗೆ ಕುಡಿದು ಮುಗಿಸಲೆಂದೇ ಮಾಡಿದ್ದು. ಅದನ್ನು ಹತ್ತು ವರ್ಷ ಇಟ್ಟರೆ ಸಪ್ಪೆಯಾಗುತ್ತದೆಯೇ ಹೊರತು ಉತ್ತಮವಾಗುವುದಿಲ್ಲ. ಹುಳಿ, ಸಕ್ಕರೆ, ಒಗರು ಇವುಗಳ ಬಲವುಳ್ಳ ಕೆಲವೇ ವೈನುಗಳು ಕಾಲದೊಂದಿಗೆ ಮಾಗುತ್ತವೆ. ಮಾಗುವುದೆಂದರೆ ಬಾಟಲಿಯೊಳಗೆ ಬಲು ನಿಧಾನವಾಗಿ ನಡೆಯುವ ರಾಸಾಯನಿಕ ಕ್ರಿಯೆ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ. ಆಗ ಹಣ್ಣು ಮಾಗುವ ಬದಲು ಬೆಂದಂತಾಗುತ್ತದೆ. ಆದ್ದರಿಂದ 10ರಿಂದ 14 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 60ರಿಂದ 75ರಷ್ಟು ತೇವಾಂಶ, ಕತ್ತಲೆ, ಅಲುಗಾಟವಿಲ್ಲದ ಸ್ಥಳ, ಕೆಟ್ಟ ವಾಸನೆಯಿಲ್ಲದ ಗಾಳಿ ಇವಿಷ್ಟು ಬೇಕು. ತೇವ ಬೇಕಾಗಿರುವುದು ಕಾರ್ಕ್ ಬಿರಡೆಗಾಗಿ. ಅದು ಒಣಗಿ ಕುಗ್ಗಿದರೆ ಗಾಳಿ ಒಳನುಗ್ಗುತ್ತದೆ. ಬಾಟಲಿಯನ್ನು ಮಲಗಿಸಿಡುವುದೂ ಅದಕ್ಕಾಗಿಯೇ, ಒಳಗಿನ ವೈನ್ ಬಿರಡೆಯನ್ನು ಸದಾ ತೋಯಿಸುತ್ತಿರಲೆಂದು. ತಿರುಪಿನ ಮುಚ್ಚಳದ ಬಾಟಲಿಗಳಿಗೆ ಈ ಉಪಚಾರ ಬೇಕಿಲ್ಲ, ನಿಲ್ಲಿಸಿಯೇ ಇಡಬಹುದು.

ಭೂಮಿ ಈ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ನೆಲದಡಿಗೆ ಹೋದಷ್ಟೂ ಹಗಲು ರಾತ್ರಿಯ ಏರಿಳಿತ ಅಳಿಸಿಹೋಗಿ, ಇನ್ನೂ ಕೆಳಕ್ಕೆ ಹೋದರೆ ಬೇಸಿಗೆ ಚಳಿಗಾಲಗಳ ವ್ಯತ್ಯಾಸವೂ ಅಳಿದು, ಆ ಊರಿನ ವಾರ್ಷಿಕ ಸರಾಸರಿ ಉಷ್ಣತೆಯ ಹತ್ತಿರಕ್ಕೆ ಮಣ್ಣು ಬಂದು ನಿಲ್ಲುತ್ತದೆ. ಮೈಂಟ್ಸ್ ಸುತ್ತ ಆ ಸರಾಸರಿ 10-11 ಡಿಗ್ರಿ. ವೈನಿಗೆ ಬೇಕಾದದ್ದೂ ಅದೇ. ಬೆಂಗಳೂರಿನ ಗೆಳೆಯರೊಬ್ಬರು ನನ್ನ ಕೋಣೆಯ ಚಿತ್ರ ನೋಡಿ ತಮ್ಮ ಹೊಸ ಮನೆಯಡಿಯಲ್ಲೂ ಹೀಗೊಂದನ್ನು ತೋಡಿಸುವುದಾಗಿ ಹೇಳಿದರು. ಬೆಂಗಳೂರಿನಲ್ಲಿ ಎಷ್ಟು ಆಳಕ್ಕೆ ತೋಡಿದರೂ 23-24 ಡಿಗ್ರಿಗಿಂತ ಕೆಳಗೆ ಇಳಿಯುವುದು ಕಷ್ಟ, ವಿಜಯಪುರದಲ್ಲಿ ಇನ್ನೂ ಹೆಚ್ಚು. ಅಲ್ಲಿ ತೋಡಿಸುವ ಹಣದಲ್ಲಿ ವಿದ್ಯುತ್ತಿನಿಂದ ತಂಪಾಗುವ ಸಣ್ಣ ವೈನ್ ಕಪಾಟೊಂದನ್ನು ಕೊಳ್ಳುವುದೇ ಲೇಸೆಂದು ನಾನು ಅವರಿಗೆ ಬರೆದೆ. ಅವರಿಗೆ ಸ್ವಲ್ಪ ನಿರಾಸೆಯಾಗಿರಬೇಕು.

ಪಕ್ಕದ ಮನೆಯ ವೃದ್ಧರು ಮೊದಲ ವರ್ಷ ನನ್ನಿಂದ ಒಂದು ಬಾಟಲಿಯನ್ನೂ ಕೊಳ್ಳಿಸಲಿಲ್ಲ. ಅತಿ ಕನಿಷ್ಠ ಮತ್ತು ಅತಿ ಗರಿಷ್ಠವನ್ನು ದಾಖಲಿಸುವ ಉಷ್ಣಮಾಪಕವೊಂದನ್ನು, ಅದರೊಂದಿಗೆ ಒಂದು ತೇವಮಾಪಕವನ್ನು ತೂಗುಹಾಕಿಸಿ, ವಾರಕ್ಕೊಮ್ಮೆ ಬರೆದಿಡು ಎಂದರು. ಫೆಬ್ರವರಿಯಲ್ಲಿ 8 ಡಿಗ್ರಿ, ಆಗಸ್ಟಿನ ಕೊನೆಯಲ್ಲಿ 15. ಅಂಕಿಗಳಿಗಿಂತ ಅವರಿಗೆ ಮೆಚ್ಚಿಕೆಯಾದದ್ದು ಬದಲಾವಣೆಯ ನಿಧಾನ. ವಾರದಿಂದ ವಾರಕ್ಕೆ ಅರ್ಧ ಡಿಗ್ರಿಯೂ ಕದಲುತ್ತಿರಲಿಲ್ಲ. ಸಮನಾದ 15 ಡಿಗ್ರಿಯನ್ನು ವೈನ್ ಸಹಿಸುತ್ತದೆ. ಬೆಳಿಗ್ಗೆ 10, ಸಂಜೆ 20 ಎಂದಾದರೆ ಬಾಟಲಿಯೊಳಗಿನ ದ್ರವ ಹಿಗ್ಗಿ ಕುಗ್ಗಿ ಬಿರಡೆಯನ್ನು ಪಂಪಿನಂತೆ ಆಡಿಸುತ್ತದೆ. ಅಡುಗೆಮನೆಯ ಕಪಾಟಿನ ಮೇಲೆ ಅಲಂಕಾರಕ್ಕೆಂದು ವೈನ್ ಜೋಡಿಸಿಡುವವರನ್ನು ಕಂಡರೆ ನನಗೀಗ ಮರುಕವಾಗುತ್ತದೆ.

ತೇವ ಮಾತ್ರ ಶೇಕಡಾ 85ನ್ನು ದಾಟುತ್ತಿತ್ತು. ವೈನಿಗೆ ಇದರಿಂದ ಕೇಡಿಲ್ಲ, ಲೇಬಲ್ಲಿಗೆ ಬೂಸು ಹಿಡಿಯುತ್ತದೆ, ಅಷ್ಟೇ. ಕಾರಣ ತಿಳಿಯಲು ಗೋಡೆ ಕೆರೆದು ನೋಡಿದಾಗ, ಯಾವುದೋ ಕಾಲದಲ್ಲಿ ಕಲ್ಲಿನ ಮೇಲೆ ಎಣ್ಣೆಬಣ್ಣ ಬಳಿದಿದ್ದುದು ಕಂಡಿತು. ಕಲ್ಲಿಗೆ ಉಸಿರುಕಟ್ಟಿತ್ತು. ಎರಡು ತಿಂಗಳ ಶನಿವಾರಗಳನ್ನು ಆ ಬಣ್ಣವನ್ನು ಕೆರೆಯುವುದರಲ್ಲಿ ಕಳೆದೆ. ಮೇಲೆ ಏನು ಬಳಿಯಬೇಕೆಂದು ಕೇಳಿದಾಗ ವೃದ್ಧರು ಕೊಟ್ಟ ಉತ್ತರ ಕೇಳಿ ನಗು ಬಂತು. ಸುಣ್ಣ! ದೀಪಾವಳಿಗೆ ಮುಂಚೆ ಅವ್ವ ಕುಂಚ ಹಿಡಿದು ಬಳಿಯುತ್ತಿದ್ದ ಅದೇ ಸುಣ್ಣ. ಅದರ ಕ್ಷಾರಕ್ಕೆ ಬೂಸು ಬೆಳೆಯುವುದಿಲ್ಲ, ಗೋಡೆಯ ತೇವ ಒಳಗೆ ಸಿಕ್ಕಿಬೀಳುವುದೂ ಇಲ್ಲ. ಇಲ್ಲಿ ಚೀಲದ ಮೇಲೆ ಎಚ್ಚರಿಕೆಯ ಚಿತ್ರಗಳೂ ಕನ್ನಡಕ, ಕೈಗವಸುಗಳ ಸೂಚನೆಗಳೂ ಇದ್ದವು; ಉಳಿದದ್ದೆಲ್ಲ ನನಗೆ ಗೊತ್ತಿದ್ದ ಕೆಲಸವೇ.

ನೆಲವನ್ನು ಮುಟ್ಟಲಿಲ್ಲ. ಇಟ್ಟಿಗೆಗಳನ್ನು ಎತ್ತಿ, ಕೆಳಗಿನ ಮರಳನ್ನು ಸಮಮಾಡಿ, ಮತ್ತೆ ಹಾಸಿದೆ. ಬಾಯ್ಲರ್ ಕೋಣೆಯ ಕಡೆಗಿದ್ದ ಒಂದು ಗೋಡೆ ಮಾತ್ರ ಬೆಚ್ಚಗಿತ್ತು. ಅದಕ್ಕೆ ಎಂಟು ಸೆಂಟಿಮೀಟರ್ ದಪ್ಪದ ಕಾರ್ಕ್ ಹಲಗೆಗಳನ್ನು ಅಂಟಿಸಿದೆವು. ಬಿರಡೆಯಾಗುವ ಮರವೇ ಗೋಡೆಯ ಹೊದಿಕೆಯೂ ಆಯಿತು. ಬೀದಿಯ ಮಟ್ಟದಲ್ಲಿ ಇದ್ದ ಸಣ್ಣ ಗವಾಕ್ಷಿಗೆ ಇಲಿ ನುಸುಳದಂತೆ ಜಾಲರಿ, ಬೆಳಕು ಬಾರದಂತೆ ಮರದ ಮುಚ್ಚಳ. ಈ ಗವಾಕ್ಷಿಯ ಬಗ್ಗೆ ನಮ್ಮವರು ತಿಳಿದಿರಬೇಕಾದದ್ದೊಂದಿದೆ. ಬೇಸಿಗೆಯಲ್ಲಿ ನೆಲಮಾಳಿಗೆ ತೇವವಾಗಿದೆಯೆಂದು ಕಿಟಕಿ ತೆರೆದಿಟ್ಟರೆ ಹೊರಗಿನ ಬಿಸಿಗಾಳಿ ಒಳಬಂದು, ತಣ್ಣನೆಯ ಗೋಡೆಗೆ ತಾಗಿ, ನೀರಾಗಿ ಇಳಿಯುತ್ತದೆ. ತೇವ ಹೆಚ್ಚುತ್ತದೆ. ತೆರೆಯಬೇಕಾದದ್ದು ಚಳಿಗಾಲದಲ್ಲಿ, ಇಲ್ಲವೇ ಬೇಸಿಗೆಯ ರಾತ್ರಿಯ ತಂಪಿನಲ್ಲಿ. ಬಾಡಿಗೆ ಮನೆಗಳ ಕೆಲ್ಲರುಗಳಲ್ಲಿ ಬೂಸು ಹಿಡಿದ ಪುಸ್ತಕ, ಬಟ್ಟೆಗಳಿಗಾಗಿ ಮರುಗಿದ ಎಷ್ಟೋ ಸಂಸಾರಗಳನ್ನು ನಾನು ಬಲ್ಲೆ.

ದೀಪದ ತಂತಿಯನ್ನು ಎಳೆಯುವುದಕ್ಕೆ ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನನ್ನೇ ಕರೆಸಿದೆವು. ಒಟ್ಟು ಖರ್ಚಿನ ಮೂರನೆಯ ಒಂದು ಭಾಗ ಅವನ ಎರಡು ಗಂಟೆಗಳಿಗೇ ಹೋಯಿತು. ಇನ್ನು ಬಾಟಲಿಗಳ ಗೂಡು. ಮರದ್ದು ಈ ತೇವಕ್ಕೆ ಬಾಳುವುದಿಲ್ಲ. ಇಲ್ಲಿನವರು ಬಳಸುವುದು ‘ಬಿಮ್ಸ್’ ಎಂಬ ಹಗುರವಾದ, ರಂಧ್ರಮಯವಾದ ಜ್ವಾಲಾಮುಖಿ ಕಲ್ಲಿನ ಅಚ್ಚುಗಳನ್ನು. ನಮ್ಮಿಂದ ಉತ್ತರಕ್ಕೆ, ಐಫೆಲ್ ಬೆಟ್ಟಗಳ ಅಂಚಿನಲ್ಲಿ ಲಾಹರ್ ಸೇ ಎಂಬ ಸರೋವರವಿದೆ. ಸುಮಾರು 13 ಸಾವಿರ ವರ್ಷಗಳ ಹಿಂದೆ ಅಲ್ಲಿ ಜ್ವಾಲಾಮುಖಿ ಸಿಡಿದು ಆ ಸೀಮೆಯನ್ನೆಲ್ಲ ಈ ಕಲ್ಲಿನಿಂದ ಮುಚ್ಚಿತು. ಗಾಳಿಯಲ್ಲಿ ತೇವ ಹೆಚ್ಚಾದಾಗ ಅದನ್ನು ಹೀರಿಕೊಂಡು, ಕಡಿಮೆಯಾದಾಗ ಹಿಂದಿರುಗಿಸುವ ಗುಣ ಈ ಕಲ್ಲಿಗಿದೆ. ಎರಡು ಗೋಡೆಗಳಿಗೆ ಬಿಮ್ಸ್ ಇಟ್ಟು, ಮೂರನೆಯದಕ್ಕೆ ಹಳೆಯ ಸುಟ್ಟ ಮಣ್ಣಿನ ಚರಂಡಿ ಕೊಳವೆಗಳನ್ನು ಒಂದರ ಮೇಲೊಂದು ಜೋಡಿಸಿದೆ. ಕೊಳವೆಗಳು ವೃದ್ಧರ ಅಂಗಳದಲ್ಲಿ ಬಿದ್ದಿದ್ದವು, ಪುಕ್ಕಟೆಯಾಗಿ ಸಿಕ್ಕವು. ಎಲ್ಲ ಸೇರಿ 160 ಬಾಟಲಿಗಳಿಗೆ ಸ್ಥಳ. ನನ್ನ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಒಟ್ಟು ಖರ್ಚು 900 ಯೂರೋ. ಇದರಲ್ಲಿ ಪತ್ನಿ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುತ್ತಾಳೆ, ನನ್ನ ಶನಿವಾರಗಳಿಗೆ ಅವಳ ಬಳಿ ಬೇರೆಯೇ ದರವಿದೆ.

ತುಂಬಿಸಿದ್ದು ಹೆಚ್ಚಾಗಿ ಸುತ್ತಲಿನ ಹತ್ತು ಮೈಲಿಯೊಳಗಿನದು. ಸಿಲ್ವಾನರ್ ಎಂಬ ತಣ್ಣನೆಯ ಸ್ವಭಾವದ ಬಿಳಿಯ ವೈನ್, ಒಂದೆರಡು ವರ್ಷಗಳಲ್ಲಿ ಮುಗಿಸುವಂಥದು. ಷ್ಪೇಟ್‌ಬುರ್ಗುಂಡರ್, ಅಂದರೆ ಪಿನೋ ನ್ವಾರ್, ಒಳ್ಳೆಯ ಕೈಯಿಂದ ಬಂದದ್ದಾದರೆ ಹತ್ತು ವರ್ಷ ನಿಲ್ಲುತ್ತದೆ. ಉಳಿದ ಅರ್ಧಕ್ಕೂ ಹೆಚ್ಚು ರೀಸ್ಲಿಂಗ್. ಖಾರದ ಊಟದೊಂದಿಗೆ ವೈನ್ ಹೊಂದುವುದಿಲ್ಲವೆಂಬ ಮಾತನ್ನು ಊರಿನಲ್ಲಿ ಬಹಳ ಕೇಳಿದ್ದೇನೆ. ಮದ್ಯಾಂಶ ಹೆಚ್ಚಿರುವ, ಒಗರಾದ ಕೆಂಪು ವೈನಿನ ಮಟ್ಟಿಗೆ ಅದು ನಿಜ, ಖಾರ ಇನ್ನಷ್ಟು ಉರಿಯುತ್ತದೆ. ತುಸು ಸಿಹಿ ಉಳಿಸಿಕೊಂಡ, ಮದ್ಯಾಂಶ ಕಡಿಮೆಯಿರುವ ರೀಸ್ಲಿಂಗ್ ಜೊತೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಜೋಳದ ರೊಟ್ಟಿ ತಿಂದು ನೋಡಿದವರು ಆ ಮಾತನ್ನು ಮತ್ತೆ ಆಡುವುದಿಲ್ಲ.

ನಡುವಿನ ಸಾಲಿನಲ್ಲಿ ಒಂದೇ ಬಗೆಯ ಹನ್ನೆರಡು ಬಾಟಲಿಗಳಿವೆ. 2015ರ ರೀಸ್ಲಿಂಗ್, ಔಸ್ಲೇಸೆ ದರ್ಜೆಯದು, ಅಂದರೆ ಚೆನ್ನಾಗಿ ಕಳಿತ ಗೊಂಚಲುಗಳನ್ನೇ ಆರಿಸಿ ಹಿಂಡಿದ ಸಿಹಿ ವೈನ್. ನಮ್ಮ ಮಗಳು ಹುಟ್ಟಿದ್ದು ಆ ವರ್ಷ. ಮಗುವಿನ ಜನ್ಮವರ್ಷದ ವೈನನ್ನು ಕೊಂಡಿಟ್ಟು ಅದು ಪ್ರಾಯಕ್ಕೆ ಬಂದಾಗ ತೆರೆಯುವುದು ಇಲ್ಲಿನ ವೈನ್ ಸೀಮೆಗಳ ರೂಢಿ. 2015 ಬಿಸಿಲಿನ ವರ್ಷ, ಫಸಲು ಉತ್ತಮವಾಗಿತ್ತು. ಈ ದರ್ಜೆಯ ವೈನ್ ಇಪ್ಪತ್ತು ವರ್ಷಗಳನ್ನು ಸುಲಭವಾಗಿ ದಾಟುತ್ತದೆಂದು ಹೇಳಿ ವೃದ್ಧರೇ ತಮ್ಮ ಸಂಗ್ರಹದಿಂದ ಕೊಟ್ಟರು. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಬಾಟಲಿಗಳಲ್ಲಿ ಒಂದು ನಮ್ಮಿಂದ ದಕ್ಷಿಣಕ್ಕೆ, ಷ್ಪಯರ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ನಾಲ್ಕನೆಯ ಶತಮಾನದ ರೋಮನ್ ಸಮಾಧಿಯೊಂದರಲ್ಲಿ 1867ರಲ್ಲಿ ದೊರೆತ ಅದರೊಳಗೆ ದ್ರವ ಇನ್ನೂ ಇದೆ. ಅಷ್ಟು ದೂರದ ಆಸೆ ನಮಗಿಲ್ಲ. ಕೆಲ್ಲರಿನ ದಿನಚರಿಗೆಂದು ಇಟ್ಟಿರುವ ಪುಸ್ತಕದಲ್ಲಿ ಆ ಹನ್ನೆರಡರ ಎದುರು ‘ತೆರೆಯುವುದು: 2033’ ಎಂದು ಬರೆದೆ. ಬರೆಯುವಾಗ ಅದೊಂದು ಅಂಕಿಯಾಗಿತ್ತು.

2023ರ ಆಗಸ್ಟ್ ಕೊನೆಯಲ್ಲಿ ಅಪ್ಪ, ಅವ್ವ ಮೂರು ತಿಂಗಳಿಗೆಂದು ಬಂದರು. ಷೆಂಗನ್ ವೀಸಾದ ಮಿತಿ 90 ದಿನಗಳು. ಅವ್ವ ತಂದಿದ್ದ ಮಾವಿನಕಾಯಿ ಉಪ್ಪಿನಕಾಯಿಯನ್ನು ತಂಪಿನಲ್ಲಿಡಲೆಂದು ನೇರವಾಗಿ ಕಮಾನಿನ ಕೋಣೆಗೆ ಒಯ್ದಾಗ ನಾನು ತಡೆಯಬೇಕಾಯಿತು. ಇಂಗು, ಸಾಸಿವೆ, ಎಣ್ಣೆಯ ವಾಸನೆ ಆ ಮುಚ್ಚಿದ ಕೋಣೆಯಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ. ಆಲೂಗಡ್ಡೆ, ಈರುಳ್ಳಿಯನ್ನೂ ಅಲ್ಲಿ ಇಡುವುದಿಲ್ಲ. ಭರಣಿ ಒಗೆಯುವ ಯಂತ್ರದ ಪಕ್ಕಕ್ಕೆ ಹೋಯಿತು. “ಸೆರೆಗೆ ಕ್ವಾಣಿ ಕಟ್ಟಿಸ್ಯಾನ, ಉಪ್ಪಿನಕಾಯಿಗೆ ಜಾಗಾ ಇಲ್ಲ” ಎಂದು ಅವ್ವ ಫೋನಿನಲ್ಲಿ ಅಣ್ಣನಿಗೆ ಹೇಳಿದ ಮಾತು ಇಷ್ಟು ಹೊತ್ತಿಗೆ ನಮ್ಮ ಊರೆಲ್ಲ ಬಲ್ಲದು.

ಅಪ್ಪ ಮೂರು ವಾರ ಆ ಕೋಣೆಯ ಕಡೆ ಸುಳಿಯಲಿಲ್ಲ. ಅವರ ಹೊತ್ತು ಹೋಗುತ್ತಿದ್ದುದು ತೋಟಗಳಲ್ಲಿ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು ಹೀಗೆ ವರ್ಷಕ್ಕೆ ಎರಡು ಚಾಟಣಿ. ಇಲ್ಲಿ ಬಳ್ಳಿ ಚಳಿಗೆ ನಿದ್ರೆಹೋಗುವುದರಿಂದ ಒಂದೇ. ಇದನ್ನು ನನ್ನಿಂದ ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡರು. ಸೆಪ್ಟೆಂಬರಿನಲ್ಲಿ ಪಕ್ಕದವರ ಕೊಯ್ಲು ಶುರುವಾಯಿತು. ವೃದ್ಧರ ಮಗಳು ಹಣ್ಣಿನ ಹನಿಯೊಂದನ್ನು ಸಕ್ಕರೆ ಅಳೆಯುವ ದುರ್ಬೀನಿನಂಥ ಉಪಕರಣಕ್ಕೆ ಬಿಟ್ಟು ನೋಡುತ್ತಿದ್ದಾಗ ಅಪ್ಪ ಕೈಚಾಚಿದರು. ಊರಿನಲ್ಲಿ ಅವರ ಕಿಸೆಯಲ್ಲಿಯೂ ಅಂಥದೊಂದು ಇದ್ದೇ ಇರುತ್ತದೆ. ಆಕೆ ‘88’ ಎಂದಳು, ಅಪ್ಪ ‘21’ ಎಂದರು. ಇಬ್ಬರೂ ಒಬ್ಬರನ್ನೊಬ್ಬರು ಸಂಶಯದಿಂದ ನೋಡಿದರು. ಆಕೆಯದು ಜರ್ಮನಿಯ ಓಕ್ಸ್‌ಲೆ ಮಾನ, ಅಪ್ಪನದು ನಮ್ಮ ಬೆಳೆಗಾರರೆಲ್ಲ ಬಳಸುವ ಬ್ರಿಕ್ಸ್. ಸಕ್ಕರೆ ಒಂದೇ ಎಂದು ನಾನು ಲೆಕ್ಕಮಾಡಿ ತೋರಿಸಿದ ಮೇಲೆ ಅವರಿಬ್ಬರಿಗೂ ನನ್ನ ಭಾಷಾಂತರದ ಅಗತ್ಯ ಅಷ್ಟಾಗಿ ಬೀಳಲಿಲ್ಲ.

ಹುದುಗು ಏರಿದ ವಾರ ವೃದ್ಧರು ನಮ್ಮನ್ನು ತಮ್ಮ ದೊಡ್ಡ ಕೆಲ್ಲರಿಗೆ ಕರೆದೊಯ್ದರು. ಇಳಿಯುವ ಮುನ್ನ ಮೋಂಬತ್ತಿಯೊಂದನ್ನು ಹಚ್ಚಿ ಮೊಣಕಾಲ ಮಟ್ಟದಲ್ಲಿ ಹಿಡಿದುಕೊಂಡರು. ಒಂದು ಲೀಟರ್ ರಸ ಹುದುಗಿದರೆ ನಲವತ್ತು ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಗಾಳಿಗಿಂತ ಭಾರವಾದ ಅದು ತಗ್ಗಿನಲ್ಲಿ ನಿಂತುಕೊಳ್ಳುತ್ತದೆ. ಅದನ್ನರಿಯದೆ ಇಳಿದು ಸತ್ತವರ ಕತೆ ಪ್ರತಿಯೊಂದು ವೈನ್ ಹಳ್ಳಿಯಲ್ಲೂ ಇದೆ. ಈಗ ಅನಿಲವನ್ನು ಪತ್ತೆಹಚ್ಚುವ ಯಂತ್ರಗಳಿವೆ, ಮೋಂಬತ್ತಿಯ ರೂಢಿ ಹಿರಿಯರಲ್ಲಿ ಉಳಿದಿದೆ. ನಾನು ಇದನ್ನೆಲ್ಲ ಅಪ್ಪನಿಗೆ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವರೇ, “ಕಂದೀಲ ಇಳಿಬಿಟ್ಟು ನೋಡೂದು. ಆರಿತಂದ್ರ ಇಳಿಬಾರ್ದು” ಎಂದರು. ಆ ಸಂಜೆ ಮನೆಗೆ ಬಂದವರು, ಯಾರೂ ಕರೆಯದೆ, ನನ್ನ ಏಳು ಮೆಟ್ಟಿಲುಗಳನ್ನು ಇಳಿದರು.

ಉತ್ತರ ಕರ್ನಾಟಕದ ಹಿರಿಯರಿಗೆ ಹಗೇವು ಎಂದರೆ ವಿವರಿಸಬೇಕಾಗಿಲ್ಲ, ಹೊಸ ತಲೆಮಾರಿನವರಿಗಾಗಿ ಹೇಳುತ್ತೇನೆ. ಮನೆಯ ಅಂಗಳದಲ್ಲಿಯೋ ಊರ ಬಯಲಿನಲ್ಲಿಯೋ ಗಟ್ಟಿ ನೆಲ ನೋಡಿ ತೋಡಿದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ಕಾಳಿನ ಕಣಜ ಅದು. ಒಳಗೆ ಸುತ್ತಲೂ ಕಣಿಕೆ, ಹೊಟ್ಟು ಮೆತ್ತೆಯಿಟ್ಟು, ಜೋಳ ತುಂಬಿ, ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಾರೆ. ಗಾಳಿಯಾಡದ ಆ ಹೊಟ್ಟೆಯಲ್ಲಿ ಹುಳು ಬದುಕುವುದಿಲ್ಲ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ತೆರೆದ ಕೂಡಲೇ ಇಳಿಯುವಂತಿಲ್ಲ, ಮೊದಲು ಕೆಟ್ಟ ಗಾಳಿ ಹೋಗಲು ಬಿಡಬೇಕು. ಕಂದೀಲು ಇಳಿಬಿಡುವುದು ಅದಕ್ಕೇ.

ಅಪ್ಪ ಗೋಡೆಯ ಸುಣ್ಣ ಮುಟ್ಟಿ ನೋಡಿದರು, ಕಮಾನಿನ ಕಲ್ಲು ಎಣಿಸಿದರು, ಕೊಳವೆಗಳೊಳಗಿನ ಬಾಟಲಿಗಳ ಬುಡಗಳನ್ನು ನೋಡಿದರು, ಒಂದನ್ನೂ ಮುಟ್ಟಲಿಲ್ಲ. “ತಮ್ಮಾ, ಇದು ಹಗೇವ ಐತಲ್ಲೋ” ಎಂದರು. ಮೂಲೆಯಲ್ಲಿದ್ದ ಸ್ಟೂಲಿನ ಮೇಲೆ ಕುಳಿತು ಎಪ್ಪತ್ತೆರಡರ ಬರದ ಸುದ್ದಿ ತೆಗೆದರು. ಮುತ್ಯಾ ಆ ವರ್ಷ ಹಗೇವು ತೆಗೆಸಿದ್ದು, ನಾಲ್ಕು ವರ್ಷದ ಹಿಂದಿನ ಜೋಳ ಹೊರಬಂದದ್ದು, ಅದರ ರೊಟ್ಟಿಗೆ ಒಂದು ಬಗೆಯ ಹಗೇವಿನ ವಾಸನೆಯಿದ್ದರೂ ಓಣಿಯೆಲ್ಲ ಅದನ್ನೇ ತಿಂದು ಬದುಕಿದ್ದು. ನಮ್ಮ ಮನೆಯ ಅಂಗಳದಲ್ಲಿ ಅಂಥದೊಂದು ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ನಾನು ಹುಟ್ಟುವ ಮೊದಲೇ ಅದನ್ನು ಮುಚ್ಚಿ ಮೇಲೆ ಪರಸಿ ಹಾಸಿದ್ದರಂತೆ. ಮಣೂಕ ಮಾರಿದ ಹಣ ಬ್ಯಾಂಕಿಗೆ ಹೋಗತೊಡಗಿದ ಮೇಲೆ ಹಗೇವು ಯಾರಿಗೆ ಬೇಕು?

ಮಗಳು ಮುತ್ಯಾನ ಪಕ್ಕ ನಿಂತು ತನ್ನ ಹನ್ನೆರಡು ಬಾಟಲಿಗಳನ್ನು ತೋರಿಸಿದಳು. ಅಪ್ಪ ನನ್ನನ್ನು ಕೇಳಿದರು.

“ಇವು ಯಾವಾಗ ತಗಿಯೂವು?”

“ಎರಡ ಸಾವಿರದ ಮೂವತ್ತಮೂರಕ್ಕ, ಅಪ್ಪಾ. ಆಕಿಗೆ ಹದಿನೆಂಟು ತುಂಬಿದ ಮ್ಯಾಲ.”

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. “ಹಗೇವ ತೋಡಿದಾಂವ ಊರು ಬಿಡಂಗಿಲ್ಲ,” ಎಂದರು. “ನೀ ಹೊಳ್ಳಿ ಬರಂಗಿಲ್ಲ ಅಂದಂಗಾತು.”

ಹದಿಮೂರು ವರ್ಷಗಳಿಂದ ಪ್ರತಿ ರಜೆಯಲ್ಲೂ ಬಂಧುಗಳು ಕೇಳುತ್ತ ಬಂದ ಪ್ರಶ್ನೆಗೆ ನಾನು ‘ನೋಡೋಣು’ ಎಂದೇ ಉತ್ತರಿಸಿದ್ದೆ. ಅಪ್ಪ ಪ್ರಶ್ನೆ ಕೇಳಲಿಲ್ಲ. ಪುಸ್ತಕದಲ್ಲಿದ್ದ ಅಂಕಿಯನ್ನು ಓದಿ ಹೇಳಿದರು. ಮನೆಗೆ ಸಾಲ, ಮಗಳಿಗೆ ಶಾಲೆ, ಇವೆಲ್ಲವನ್ನೂ ಅರ್ಧದಲ್ಲಿ ಬಿಟ್ಟು ಹೊರಡುವವರಿದ್ದಾರೆ. ಹತ್ತು ವರ್ಷ ಮುಟ್ಟಬಾರದೆಂದು ನೆಲದಡಿ ಇಟ್ಟದ್ದನ್ನು ಬಿಟ್ಟು ಹೊರಡುವವನು ಇಡುತ್ತಲೇ ಇರಲಿಲ್ಲವೆಂಬುದು ಒಕ್ಕಲಿಗನಿಗೆ ಬೇಗ ತಿಳಿಯುತ್ತದೆ. ನಾನು ಇಲ್ಲವೆನ್ನಲಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ಅವರು ಜಮೀನಿನ ಮಾತು ತೆಗೆದರು. ನಾಲ್ಕು ಎಕರೆ ಹಿರಿಯರದು, ನನಗೂ ಅಣ್ಣನಿಗೂ ಸಮಪಾಲು. ತೋಟಕ್ಕೆ ಹೊಸ ಕೊಳವೆಬಾವಿ, ಹನಿ ನೀರಾವರಿಯ ಪೈಪು ಎಂದು ಅಣ್ಣ ಸಾಲ ತೆಗೆಯಬೇಕಾದಾಗಲೆಲ್ಲ ನನ್ನ ಸಹಿಗಾಗಿ ಕಾಯಬೇಕಾಗುತ್ತಿತ್ತು. “ಅಂವಾ ಮಣ್ಣಾಗ ನಿಂತಾನ. ಕಾಗದ ಅವನ ಕೈಯಾಗ ಇರ್ಲಿ” ಎಂದರು ಅಪ್ಪ. ಸಿಟ್ಟಿನ ದನಿ ಅದಾಗಿರಲಿಲ್ಲ. ಪತ್ನಿ ಒಳಗೆ ಹೋದಳು. ಅವ್ವ ಮಾತ್ರ ಬಟ್ಟಲನ್ನು ಕೆಳಗಿಟ್ಟು ಅಪ್ಪನನ್ನೇ ದಿಟ್ಟಿಸಿದಳು. ನಾನು ಆಗಲಿ ಎಂದೆ. ನ್ಯಾಯವಾದದ್ದೇ ಆಗಿತ್ತು. ಅಷ್ಟು ಸಲೀಸಾಗಿ ಆಗಲಿ ಎಂದದ್ದಕ್ಕೆ ಆ ರಾತ್ರಿ ನಿದ್ದೆ ಬರಲಿಲ್ಲವೆಂಬುದೂ ನಿಜ.

ಈ ಹಾದಿಯಲ್ಲಿ ಹೋಗಬೇಕಾಗಿ ಬರುವವರು ಬಹಳ ಮಂದಿ ಇರುವುದರಿಂದ ಕ್ರಮವನ್ನು ಹೇಳುತ್ತೇನೆ. ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕಾದದ್ದು ಊರಿನ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ. ಖುದ್ದಾಗಿ ಹೋಗಲಾಗದವರು ಇಲ್ಲಿಂದ ಒಬ್ಬರಿಗೆ ಅಧಿಕಾರ ಪತ್ರ ಕೊಡಬೇಕು. ನಮ್ಮ ರಾಜ್ಯದವರಿಗೆ ಅದನ್ನು ದೃಢೀಕರಿಸುವುದು ಫ್ರಾಂಕ್‌ಫರ್ಟಿನ ಭಾರತೀಯ ದೂತಾವಾಸ. ಊರಿಗೆ ಕಳಿಸಿದ ಮೇಲೆ ಅಲ್ಲಿ ಮುದ್ರಾಂಕ ಶುಲ್ಕವನ್ನು ಕಟ್ಟಬೇಕು. ಇನ್ನೊಂದು ಸಂಗತಿ. ಜರ್ಮನಿ 2024ರ ಜೂನ್‌ನಿಂದ ಎರಡು ಪೌರತ್ವಗಳನ್ನು ಒಪ್ಪುತ್ತದಾದರೂ ಭಾರತ ಒಪ್ಪುವುದಿಲ್ಲ. ಭಾರತದ ಪೌರತ್ವ ಬಿಟ್ಟು ಸಾಗರೋತ್ತರ ಭಾರತೀಯರ ಕಾರ್ಡು ಪಡೆದವರು ಕೃಷಿಭೂಮಿಯನ್ನು ಪಿತ್ರಾರ್ಜಿತವಾಗಿ ಪಡೆಯಬಹುದು, ಕೊಳ್ಳುವಂತಿಲ್ಲ. ಅನಿವಾಸಿಯಾಗಿರುವ ಭಾರತದ ಪೌರನಿಗೂ ಕೊಳ್ಳುವ ವಿಷಯದಲ್ಲಿ ಇದೇ ನಿರ್ಬಂಧ. ಒಮ್ಮೆ ಬಿಟ್ಟುಕೊಟ್ಟ ಹೊಲವನ್ನು ಇಲ್ಲಿದ್ದುಕೊಂಡು ಮತ್ತೆ ಕೊಳ್ಳಲಾಗುವುದಿಲ್ಲ. ಸಹಿ ಮಾಡುವವರು ಇದನ್ನು ತಿಳಿದು ಮಾಡಬೇಕು. ನಾನು ತಿಳಿದೇ ಮಾಡಿದೆ, 2024ರ ಮಾರ್ಚಿನಲ್ಲಿ.

ಅಪ್ಪ, ಅವ್ವ ಹೊರಡುವ ಹಿಂದಿನ ದಿನ ಕೆಲ್ಲರಿನ ಪುಸ್ತಕವನ್ನು ನಾನು ಅಪ್ಪನಿಗೆ ತೋರಿಸಿದೆ. ಸಾಲು, ಹೆಸರು, ವರ್ಷ, ಇಟ್ಟ ದಿನ, ತೆಗೆದ ದಿನ. ಮಣೂಕದ ಲೆಕ್ಕ ಬರೆದು ಪಳಗಿದ ಕಣ್ಣಿನಿಂದ ಪುಟಗಳನ್ನು ತಿರುವಿ, ಅಂಕಣಗಳು ಸಾಲವು ಎಂದರು. ಯಾರು ಕೊಟ್ಟರು, ಯಾರಿಗೆ ಹೋಯಿತು ಎಂಬುದು ಇಲ್ಲ. ಪೆನ್ಸಿಲ್ ತೆಗೆದು ಪ್ರತಿ ಪುಟದ ಬಲಕ್ಕೆ ಎರಡು ಗೆರೆಗಳನ್ನು ಅವರೇ ಎಳೆದುಕೊಟ್ಟರು. ಅಳತೆಪಟ್ಟಿ ಬೇಡವೆಂದರು, ಗೆರೆಗಳು ಕೆಳಗೆ ಹೋದಂತೆ ಸ್ವಲ್ಪ ಎಡಕ್ಕೆ ವಾಲಿವೆ.

ಅಣ್ಣನ ಹೊಸ ಕೊಳವೆಬಾವಿಗೆ ಆ ಬೇಸಿಗೆಯಲ್ಲಿ ನೀರು ಬಿತ್ತು. ಮೊದಲ ಫಸಲಿನ ಐದು ಕಿಲೋ ಮಣೂಕವನ್ನು ಇತ್ತ ಬರುವವರ ಕೈಯಲ್ಲಿ ಕಳಿಸಿದ್ದಾನೆ. ಅದಕ್ಕೆ ವಾಸನೆಯಿಲ್ಲವಾದ್ದರಿಂದ ಕಮಾನಿನ ಕೋಣೆಯಲ್ಲಿಡಲು ಅಡ್ಡಿಯಿರಲಿಲ್ಲ, ಆದರೆ ಮಗಳು ಅಲ್ಲಿಯವರೆಗೆ ತಲುಪಲು ಬಿಡಲಿಲ್ಲ. ಕೋಣೆಯಲ್ಲಿ 38 ಗೂಡುಗಳು ಇನ್ನೂ ಖಾಲಿ ಇವೆ. ಉತ್ತರದ ಗೋಡೆಯ ಬುಡದಲ್ಲಿ ಸುಣ್ಣ ಪುಡಿಯುದುರುತ್ತಿದೆ, ಐದು ವರ್ಷಕ್ಕೊಮ್ಮೆ ಬಳಿಯಬೇಕಂತೆ. ಚೀಲ ತಂದಿಟ್ಟಿದ್ದೇನೆ, ಹೊರಗಿನ ಗಾಳಿ ತಣ್ಣಗಾಗಿ, ಗವಾಕ್ಷಿ ತೆರೆಯುವ ಹಾಗಾದ ಮೇಲೆ ಶುರುಮಾಡಬೇಕು.